ಗಡಿಯಾರಮ್ಮನ ಹೊಂದಿಕೆಯ ವೇಳೆ

ಜೂನ್ 3, ಸೋಮವಾರ

ಇಂದು ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ನಮ್ಮ ಕಚೇರಿಯಲ್ಲಿ ನಾಗರಿಕತೆ ಕೊನೆಗೊಂಡಿತು. ನಾನು ಸ್ಥಳದಲ್ಲೇ ಇದ್ದೆ, ಸಾಕ್ಷಿ ಹೇಳಬಲ್ಲೆ.

ನಿರ್ದೇಶಕರು ನಮ್ಮ ಒಂಬತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಸುತ್ತೋಲೆ ಓದಿದರು. ಇನ್ನು ಮೂರು ತಿಂಗಳು ಪ್ರಾಯೋಗಿಕವಾಗಿ 'ಹೊಂದಿಕೆಯ ಕೆಲಸದ ವೇಳೆ'. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಯಾರು ಯಾವಾಗ ಬೇಕಾದರೂ ಬರಬಹುದಂತೆ. ಬಂದ ಹೊತ್ತಿಗೆ ಎಂಟೂವರೆ ಗಂಟೆ ಕೂಡಿಸಿ ಹೊರಡಬಹುದಂತೆ. ಹನ್ನೊಂದರಿಂದ ಮೂರರವರೆಗೆ ಮಾತ್ರ ಎಲ್ಲರೂ ಇರಬೇಕು. ಅದಕ್ಕೆ 'ಕಡ್ಡಾಯ ಹೊತ್ತು' ಎಂದು ಹೆಸರು. ಇಪ್ಪತ್ತೇಳು ವರ್ಷ ನಾನು ಎಂಟೂವರೆಯ ಹಾಜರಿ ಪುಸ್ತಕವನ್ನು ಮಗುವಿನ ಹಾಗೆ ಸಾಕಿದ್ದೇನೆ. ಮಗುವಿನ ಕೈಗೆ ಮೂರು ಗಂಟೆ ಅಗಲದ ಬಾಗಿಲು ಕೊಟ್ಟು 'ಆಡ್ಕೋ' ಎಂದ ಹಾಗಾಯಿತು.

ಬೇರೆ ಕಚೇರಿಯಾಗಿದ್ದರೆ ಸಹಿಸಬಹುದಿತ್ತು. ನಾವಾದರೋ ಈ ನಗರದ ಬಸ್ಸುಗಳಿಗೆಲ್ಲ ವೇಳಾಪಟ್ಟಿ ಬರೆಯುವವರು. ನಾವು ಗೆರೆ ಎಳೆದರೆ ನಗರ ಏಳುತ್ತದೆ, ಗೆರೆ ಮುಗಿಸಿದರೆ ಮಲಗುತ್ತದೆ. ನಾನು ಈ ವಿಭಾಗದ ಮುಖ್ಯಸ್ಥೆ. ಬೆನ್ನ ಹಿಂದೆ ನನ್ನನ್ನು ಗಡಿಯಾರಮ್ಮ ಅನ್ನುತ್ತಾರೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಬಿರುದು ಕೊಟ್ಟವರಿಗೆ ಮುಜುಗರ ಯಾಕೆ ಅಂತ ನಾನೂ ಸುಮ್ಮನಿದ್ದೇನೆ.

ಆಮೇಲೆ ನಿರ್ದೇಶಕರು ಒಳಗೆ ಕರೆದರು. ಪ್ರಯೋಗ ಮೇಲಿನವರ ಒತ್ತಾಯವಂತೆ. ಉಸ್ತುವಾರಿ ನನ್ನದು, ಆಗಸ್ಟ್ ಕೊನೆಗೆ ವರದಿಯೂ ನನ್ನದು. "ಬೇಡ ಅಂತ ಬರೆಯೋಕೆ ನಿಮಗಿಂತ ಯೋಗ್ಯರು ಯಾರಿದ್ದಾರೆ? ನೀವು ಏನು ಬರೆದ್ರೂ ಕಣ್ಣು ಮುಚ್ಚಿ ಸಹಿ ಹಾಕ್ತೀನಿ," ಅಂದರು. ಹೊಗಳಿಕೆಗೆ ಉಬ್ಬುವವಳಲ್ಲ ನಾನು. ಆದರೆ ನಿಜವನ್ನು ನಿಜ ಅಂದಾಗ ಒಪ್ಪಿಕೊಳ್ಳುವಷ್ಟು ವಿನಯ ಇದೆ. ಮನೆಗೆ ಬರುವ ಬಸ್ಸಿನಲ್ಲೇ ವರದಿಯ ಕೊನೆಯ ವಾಕ್ಯ ಬರೆದು ಮುಗಿಸಿದೆ: 'ಆದ್ದರಿಂದ ಹಿಂದಿನ ಪದ್ಧತಿಯೇ ಸೂಕ್ತ.' ಇನ್ನು ಅದಕ್ಕೆ ಮುಂಚಿನ ಪುಟಗಳು ಮಾತ್ರ ಬಾಕಿ.

ಜೂನ್ 4, ಮಂಗಳವಾರ

ಮಂಗಳವಾರ ನಮ್ಮವರಿಗೆ ರಜೆ, ಭಾನುವಾರ ನನಗೆ. ಅವರು ಬೇಕರಿಯಲ್ಲಿ ಒಲೆಯ ಮೇಸ್ತ್ರಿ. ನಸುಕು ಹರಿಯುವ ಎಷ್ಟೋ ಮೊದಲು ಹೊರಟು, ಒಂಬತ್ತಕ್ಕೆ ಪಾಳಿ ಮುಗಿಸಿ, ಕಾಲುನಡಿಗೆಯಲ್ಲಿ ಒಂಬತ್ತೂವರೆಗೆ ಮನೆ ಸೇರುತ್ತಾರೆ. ನಾನು ಏಳು ನಲವತ್ತಕ್ಕೇ ಹೊರಟಿರುತ್ತೇನೆ. ಸಂಜೆ ಆರಕ್ಕೆ ನಾನು ಬಂದರೆ ಅವರ ಆಕಳಿಕೆ ಶುರುವಾಗಿರುತ್ತದೆ, ಏಳಕ್ಕೆ ಗೊರಕೆ. ನಡುವಿನ ಸಂಸಾರವೆಲ್ಲ ಅಡುಗೆಮನೆ ಗೋಡೆಯ ಕರಿಹಲಗೆಯ ಮೇಲೆ. 'ಬಲ್ಬು ಹೋಗಿದೆ' ಅಂತ ಅವರು ಬರೆದರೆ 'ನೋಡಿದೆ' ಅಂತ ನಾನು. 'ತರಬೇಕೆ?' 'ತರಬೇಕು.' ಒಂದು ಬಲ್ಬು ಬದಲಾಗಲು ನಾಲ್ಕು ದಿನ. ಜಗಳಕ್ಕಾದರೆ ಒಂದು ವಾರ ಬೇಕು. ಅಷ್ಟರಲ್ಲಿ ಸೀಮೆಸುಣ್ಣ ಮುಗಿದು ರಾಜಿಯಾಗಿರುತ್ತದೆ.

ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ 'ನನ್ನ ಮನೆ' ಎಂಬ ಪ್ರಬಂಧಕ್ಕೆ ಹೀಗೆ ಬರೆದಿದ್ದಳು: 'ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರು ದೊಡ್ಡವರು ಇರುತ್ತಾರೆ, ಆದರೆ ಬೇರೆ ಬೇರೆಯವರು.' ಟೀಚರು ಪಕ್ಕದಲ್ಲಿ 'ಚೆನ್ನಾಗಿದೆ' ಅಂತ ಹಾಕಿದ್ದರು. ನನಗೂ ಹಾಗೇ ಅನ್ನಿಸಿತ್ತು. ಒಳ್ಳೆಯ ವೇಳಾಪಟ್ಟಿಯ ಲಕ್ಷಣವೇ ಅದು: ಒಂದು ಬಸ್ಸು ಬರುವ ಮೊದಲೇ ಇನ್ನೊಂದು ನಿಲ್ದಾಣ ಬಿಟ್ಟಿರಬೇಕು.

ಹಲಗೆಯ ಮೇಲೆ 'ಕಚೇರಿಯಲ್ಲಿ ಹೊಂದಿಕೆಯ ವೇಳೆ' ಅಂತ ಬರೆದು ಹೋಗಿದ್ದೆ. ಸಂಜೆ ಕೆಳಗೆ 'ಹಾಗಂದ್ರೆ?' ಅಂತಿತ್ತು. 'ನಮಗೆ ಸಂಬಂಧಿಸಿದ್ದಲ್ಲ' ಅಂತ ಬರೆದೆ.

ಜೂನ್ 6, ಗುರುವಾರ

ಎಂಟೂ ಹತ್ತಕ್ಕೆ ಕಚೇರಿ ತಲುಪಿದೆ. ನಾನೊಬ್ಬಳೇ. ಒಂಬತ್ತಾಯಿತು, ನಾನೊಬ್ಬಳೇ. ಹತ್ತಾಯಿತು. ಕುರ್ಚಿಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಹತ್ತು ನಲವತ್ತಕ್ಕೆ ಬಾಗಿಲು ತೆರೆದು ಎಂಟೂ ಜನ ಒಟ್ಟಿಗೆ ಒಳಗೆ ಬಂದರು.

ಮೂರು ದಿನದಿಂದ ಹೀಗೇ. ಯಾವಾಗ ಬೇಕಾದರೂ ಬನ್ನಿ ಅಂದರೆ ಎಲ್ಲರೂ ಹತ್ತು ನಲವತ್ತಕ್ಕೇ ಬರುತ್ತಾರೆ, ಅದೂ ಒಬ್ಬರನ್ನೊಬ್ಬರು ನೋಡಿ ಆಶ್ಚರ್ಯಪಟ್ಟವರ ಮುಖ ಮಾಡಿಕೊಂಡು. ಇದು ಪಿತೂರಿ. ಸೂತ್ರಧಾರ ಯಾರು ಅಂತಲೂ ಗೊತ್ತಿದೆ: ತಡರಾಯ. ಆರು ವರ್ಷದಿಂದ ಈ ಮನುಷ್ಯ ದಿನಾ ಎಂಟು ನಲವತ್ತೈದಕ್ಕೆ ಬಂದಿದ್ದಾನೆ, ಹದಿನೈದು ನಿಮಿಷ ತಡ, ಒಂದು ನಿಮಿಷ ಹೆಚ್ಚಿಲ್ಲ ಕಮ್ಮಿಯಿಲ್ಲ. ಅಷ್ಟು ನಿಖರವಾಗಿ ತಡ ಮಾಡುವವನು ಏನು ಬೇಕಾದರೂ ಮಾಡಬಲ್ಲ. ನನ್ನ ಕೆಂಪು ಪೆನ್ನು ಹೆಚ್ಚು ಸವೆದಿರುವುದು ಅವನ ಸಾಲಿನಲ್ಲೇ.

ಜೂನ್ 13, ಗುರುವಾರ

ನಮ್ಮಲ್ಲಿ ಮಾರ್ಗದ ನಕ್ಷೆ ಬರೆಯುವವಳು ಒಬ್ಬಳಿದ್ದಾಳೆ, ಎರಡು ವರ್ಷದ ಮಗುವಿನ ತಾಯಿ. ಮೆತ್ತಗೆ ಮಾತಾಡುತ್ತಾಳೆ, ಗಟ್ಟಿಯಾಗಿ ಹಿಡಿಯುತ್ತಾಳೆ. ಇವತ್ತು ಸುತ್ತೋಲೆ ತಂದು ಏಳನೇ ಅಂಶಕ್ಕೆ ಬೆರಳಿಟ್ಟಳು: 'ಉಸ್ತುವಾರಿ ವಹಿಸಿದವರು ಸ್ವತಃ ಈ ಪದ್ಧತಿಯನ್ನು ಅನುಸರಿಸಿ ನೋಡತಕ್ಕದ್ದು.' ನೀವೇ ನೋಡದೆ ವರದಿ ಬರೆದರೆ ಅದು ಬಿದ್ದುಹೋಗುತ್ತಲ್ಲ ಮೇಡಂ, ಅಂತ ಕಾಳಜಿಯಿಂದ ಕೇಳಿದಳು.

ನಿಯಮ ನಿಯಮವೇ. ಸೋಮವಾರ ಒಂದು ದಿನ ಅಧ್ಯಯನಕ್ಕಾಗಿ ತಡವಾಗಿ ಹೋಗುತ್ತೇನೆ. ವಿಜ್ಞಾನಿಗಳು ತಮ್ಮ ಮೇಲೇ ವಿಷ ಪರೀಕ್ಷಿಸಿಕೊಂಡದ್ದುಂಟು.

ಜೂನ್ 17, ಸೋಮವಾರ

ಏಳು ನಲವತ್ತಕ್ಕೆ ಕಾಲುಗಳು ತಾವೇ ಬಾಗಿಲಿಗೆ ಹೋದವು. ವಾಪಸ್ ಕರೆತಂದು ಕೂರಿಸಿದೆ.

9.31ಕ್ಕೆ ಬೀಗ ತೆಗೆಯುವ ಸದ್ದು. ನಮ್ಮವರು ಹುಬ್ಬಿನ ತುಂಬ ಹಿಟ್ಟು, ಕೈಯಲ್ಲೊಂದು ಕಾಗದದ ಪೊಟ್ಟಣ ಹಿಡಿದು ಒಳಗೆ ಬಂದವರು ನನ್ನನ್ನು ಕಂಡು ಅಲ್ಲೇ ನಿಂತರು.

"ಯಾರಿಗೇನಾಯ್ತು?"

ಯಾರಿಗೂ ಏನೂ ಆಗಿಲ್ಲ, ಅಧ್ಯಯನ ಅಂದೆ. ಹೌದೇ ಅಂದರು. ಅಭ್ಯಾಸಬಲದಿಂದ ಅವರು ಹಲಗೆಯ ಕಡೆ ನೋಡಿದರು, ನಾನೂ ನೋಡಿದೆ. ಪೊಟ್ಟಣದಲ್ಲಿ ಒಂದು ಬನ್ನು ಇತ್ತು. ಅವರು ದಿನಾ ಒಂದು ತಂದು ತಿಂದು ಮಲಗುತ್ತಾರಂತೆ. ನನಗೆ ಈವರೆಗೆ ಗೊತ್ತಿರಲಿಲ್ಲ. ಅರ್ಧ ಮುರಿದು ಕೊಟ್ಟರು. ಇನ್ನೂ ಬಿಸಿಯಿತ್ತು. 9.50ಕ್ಕೆ ಹೊರಟೆ.

ಮಧ್ಯ ನಿಲ್ದಾಣದಿಂದ ಕಚೇರಿಗೆ 10.15ರ ಇಪ್ಪತ್ತೆರಡನೇ ನಂಬರು ಹಿಡಿಯುವುದು ಅಂತ ಮೊದಲೇ ನಿರ್ಧರಿಸಿದ್ದೆ. ಹದಿನಾರು ಸೀಟಿನ ಸಣ್ಣ ಬಸ್ಸು, ಇಡೀ ನಗರದಲ್ಲಿ ಇದಕ್ಕಿಂತ ಖಾಲಿ ಬಸ್ಸಿಲ್ಲ. ದಿನಕ್ಕೆ ಎಂಟೇ ಜನ ಹತ್ತುತ್ತಾರೆ. ಈ ಗುಟ್ಟು ವೇಳಾಪಟ್ಟಿ ಬರೆಯುವವರಿಗೆ ಮಾತ್ರ ಗೊತ್ತು. ಹತ್ತಿ ನೋಡುತ್ತೇನೆ, ಬಸ್ಸು ತುಂಬಿದೆ. ಎಂಟು ಜನ ಹಳಬರು. ಇನ್ನೆಂಟು ಜನ ನಮ್ಮ ಕಚೇರಿಯವರು, ಒಬ್ಬೊಬ್ಬರೂ ಕಿಟಕಿಯ ಆಚೆ ನೋಡುತ್ತ, ಉಳಿದ ಏಳು ಜನ ಇಲ್ಲಿಗೆ ಯಾಕೆ ಬಂದರೋ ಎಂಬಂತೆ ಮುಖ ಗಂಟಿಕ್ಕಿಕೊಂಡು.

ಪಿತೂರಿಯಲ್ಲ, ಪಾಂಡಿತ್ಯ. ನಗರದ ಅತ್ಯಂತ ಖಾಲಿ ಬಸ್ಸನ್ನು ಒಂಬತ್ತು ಜನ ಪರಿಣತರು ಪ್ರತ್ಯೇಕವಾಗಿ ಲೆಕ್ಕ ಹಾಕಿ ಹುಡುಕಿ, ನಗರದ ಅತ್ಯಂತ ಕಿಕ್ಕಿರಿದ ಬಸ್ಸು ಮಾಡಿದ್ದೆವು. ತಡರಾಯ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ನಾನು ಕೂರಲಿಲ್ಲ. ಬಂಡುಕೋರರಿಂದ ಸೀಟು ಸ್ವೀಕರಿಸಬಾರದು.

ಜೂನ್ 20, ಗುರುವಾರ

ಒಂದೇ ದಿನದ ಮಾದರಿಯಿಂದ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ. ಇವತ್ತೂ ಅಧ್ಯಯನ. ನಮ್ಮವರು ಬಂದದ್ದು 9.24. ಪೊಟ್ಟಣದಲ್ಲಿ ಎರಡು ಬನ್ನು. ಅಂಗಡಿಯಲ್ಲಿ ಒಂದು ಮಿಕ್ಕಿತ್ತಂತೆ.

ಜೂನ್ 28, ಶುಕ್ರವಾರ

ಅಧ್ಯಯನ. 9.17. ಹೊಸ ಬೂಟು ಹಾಕಿಕೊಂಡರೇನೋ, ನಡಿಗೆ ಚುರುಕಾಗಿದೆ. ಬನ್ನು ಇವತ್ತೂ ಒಂದು ಮಿಕ್ಕಿತ್ತಂತೆ. ಆ ಬೇಕರಿಗೆ ಬೇಡಿಕೆಯ ಅಂದಾಜೇ ಇಲ್ಲ.

ಜುಲೈ 4, ಗುರುವಾರ

ಮಾದರಿ ದೊಡ್ಡದಾದಷ್ಟೂ ವರದಿಗೆ ತೂಕ ಅಂತ ಈಗ ದಿನವೂ ಅಧ್ಯಯನ ಮಾಡುತ್ತಿದ್ದೇನೆ. ಇದರ ಅನನುಕೂಲಗಳನ್ನು ದಾಖಲಿಸುವುದು ನನ್ನ ಕರ್ತವ್ಯ. ಒಂದು: ಕಚೇರಿ ಬಿಡುವುದು ಏಳೂಕಾಲಿಗಾಗಿ, ನಮ್ಮವರ ಆಕಳಿಕೆಯ ಒಂದು ಗಂಟೆ ನನಗೆ ಪೂರ್ತಿ ತಪ್ಪಿಹೋಗಿದೆ. ಎರಡು: ಏನೋ ಇತ್ತು, ನೆನಪಾದಾಗ ಬರೆಯುತ್ತೇನೆ.

ನಮ್ಮವರು ಕೆಲಸದಲ್ಲಿ ಶಿಳ್ಳೆ ಹಾಕುತ್ತಾರೆ ಅಂತ ಇವತ್ತು ತಿಳಿಯಿತು. ಚಹಾ ಸೋಸುತ್ತ ಸೋಸುತ್ತ ಹಾಕಿಬಿಟ್ಟರು. ನಾನು ಕತ್ತೆತ್ತಿ ನೋಡಿದೆ. ಒಲೆಯ ಮುಂದೆ ದಿನಾ ಹಾಕುತ್ತಾರಂತೆ, ಹಿಟ್ಟು ನಾದುವವರು ತಾಳ ಹಿಡಿಯುತ್ತಾರಂತೆ. "ಮನೇಲಿ ಯಾರು ಕೇಳ್ತಾರೆ ಅಂತ," ಅಂದರು. ಇಪ್ಪತ್ತೇಳು ವರ್ಷದಲ್ಲಿ ಇದು ಹಲಗೆಯ ಮೇಲೆ ಬಂದಿರಲಿಲ್ಲ. ಶಿಳ್ಳೆಯನ್ನು ಬರೆಯುವುದಾದರೂ ಹೇಗೆ?

ಶ್ರುತಿ ಸ್ವಲ್ಪ ತಪ್ಪುತ್ತದೆ. ಹೇಳಲಿಲ್ಲ.

ಜುಲೈ 10, ಬುಧವಾರ

9.15. ಎರಡು ಬನ್ನು. ಮಾತಿಗೆ ಕೂತು 10.15ರ ಬಸ್ಸು ತಪ್ಪಿತು. 10.25ರದ್ದು ಹಿಡಿದೆ. ಅದರಲ್ಲಿ ಕೂರಲು ಜಾಗವಿತ್ತು.

ಜುಲೈ 15, ಸೋಮವಾರ

ಬರೆಯಲು ಮನಸ್ಸಿಲ್ಲದಿದ್ದರೂ ಬರೆಯುತ್ತೇನೆ. ಬೆಳಿಗ್ಗೆ ಯಾರೋ ಕೊಳವೆ ಹಾಕಲು ದೊಡ್ಡ ರಸ್ತೆಯನ್ನು ಅಡ್ಡಡ್ಡ ಅಗೆದಿದ್ದಾರೆ. ಬಸ್ಸಿನ ಮಾರ್ಗ ಬದಲಿಸಬೇಕಾದರೆ ನಮ್ಮ ಕಚೇರಿಯ ಒಪ್ಪಿಗೆ ಬೇಕು. ಡಿಪೋದವರು 8.12ರಿಂದ ಹದಿನಾಲ್ಕು ಸಲ ಫೋನು ಮಾಡಿದ್ದಾರೆ. ಎತ್ತುವವರಿಲ್ಲ. ಎಂಟು ಜನ ಖಾಲಿ ಬಸ್ಸಿಗಾಗಿ ಕಾಯುತ್ತಿದ್ದರು, ಒಬ್ಬಳು ಬನ್ನು ತಿನ್ನುತ್ತಿದ್ದಳು. ಹದಿನಾಲ್ಕನೇ ನಂಬರಿನ ಬಸ್ಸು ಹಳ್ಳದ ಮುಂದೆ ಐವತ್ತು ನಿಮಿಷ ನಿಂತಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಆ ಬಸ್ಸಿನಲ್ಲಿ ಒಬ್ಬ ದಂತವೈದ್ಯರೂ ಅವರ ಬೆಳಗಿನ ರೋಗಿಯೂ ಸಿಕ್ಕಿಬಿದ್ದಿದ್ದರಂತೆ. ಅವರಿಬ್ಬರಿಗೆ ಮಾತ್ರ ತಡವಾಗಲಿಲ್ಲ.

ಇಪ್ಪತ್ತೇಳು ವರ್ಷ ಬೆಳಗಿನ ಫೋನು ಎತ್ತಿದವಳು ನಾನು. ಅದನ್ನು ಯಾರೂ ನನಗೆ ವಹಿಸಿರಲಿಲ್ಲ. ಇರುತ್ತಿದ್ದೆ, ಎತ್ತುತ್ತಿದ್ದೆ.

ನಿರ್ದೇಶಕರಿಗೆ ಒಳಗೊಳಗೇ ಖುಷಿ. ವರದಿಗೆ ಇದಕ್ಕಿಂತ ಒಳ್ಳೆ ಪುಟ ಸಿಗುತ್ತದೆಯೇ, ಇದೊಂದೇ ಸಾಕು, ಅಂದರು. ಅವರು ಹೇಳಿದ್ದು ಸರಿ. ಸರಿಯಾದ ಮಾತಿಗೆ ನನಗೆ ಇಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಜುಲೈ 16, ಮಂಗಳವಾರ

ಅಧ್ಯಯನ ಮುಗಿಯಿತು. ಇವತ್ತಿನಿಂದ ಮೊದಲಿನ ಹಾಗೆ ಏಳು ನಲವತ್ತಕ್ಕೆ ಹೊರಟೆ. ಫೋನು ಒಂದೇ ಸಲ ಬಂತು, ಮೊದಲ ರಿಂಗಿಗೇ ಎತ್ತಿದೆ. ರಾಂಗ್ ನಂಬರು.

ಜುಲೈ 19, ಶುಕ್ರವಾರ

ಸಂಜೆ ಬಂದಾಗ ಮೇಜಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಬೋರಲು ಹಾಕಿದ ಬಟ್ಟಲು, ಬಟ್ಟಲ ಕೆಳಗೆ ಒಂದು ಬನ್ನು. ಮಿಕ್ಕದ್ದಿರಬೇಕು. ಗಟ್ಟಿಯಾಗಿತ್ತು. ತಿಂದೆ.

ಜುಲೈ 25, ಗುರುವಾರ

ಒಂದು ತಿಂಗಳಿಂದ ಹಲಗೆಯ ಮೇಲೆ ಹೊಸ ಬರಹವೇ ಇರಲಿಲ್ಲ ಅಂತ ಇವತ್ತು ಗಮನಕ್ಕೆ ಬಂತು. 'ಬಲ್ಬು ಹೋಗಿದೆ' ಅಂತಲೇ ಇತ್ತು; ಬಲ್ಬು ಹಾಕಿ ಎಷ್ಟೋ ದಿನವಾಗಿದೆ. ಇವತ್ತು ಅದರ ಕೆಳಗೆ ನಮ್ಮವರ ಅಕ್ಷರ: 'ಬನ್ನು ಇದೆ.'

'ನೋಡಿದೆ' ಅಂತ ಬರೆಯಲು ಹೋದೆ. ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತೆ, ಮತ್ತೆ ಇಟ್ಟೆ. ತಲೆನೋವು.

ಆಗಸ್ಟ್ 1, ಗುರುವಾರ

ನಕ್ಷೆಯವಳು ನನ್ನ ಮೇಜಿನ ಹತ್ತಿರ ಬಂದು, ವರದಿಯಲ್ಲಿ ಏನಿರುತ್ತದೆ ಅಂತ ಈಗಲೇ ಹೇಳಿದರೆ ಒಳ್ಳೆಯದಿತ್ತು ಅಂದಳು. ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಊರು ಬಿಟ್ಟಿದ್ದಾರಂತೆ. ಶಿಶುಮನೆ ತೆರೆಯುವುದೇ ಒಂಬತ್ತೂವರೆಗೆ. ಎಂಟೂವರೆಯೇ ಮತ್ತೆ ಬರುವುದಾದರೆ ಸೆಪ್ಟೆಂಬರಿನಲ್ಲಿ ಕೆಲಸ ಬಿಡಬೇಕು, ಅದಕ್ಕೆ ಒಂದು ತಿಂಗಳ ಮುಂಚೆ ಪತ್ರ ಕೊಡಬೇಕಲ್ಲ ಅಂತ. ಅತ್ತುಕೊಂಡು ಹೇಳಿದ್ದರೆ ಗದರಿಸಬಹುದಿತ್ತು. ವೇಳಾಪಟ್ಟಿ ಓದಿದ ಹಾಗೆ ಹೇಳಿದಳು.

ಇಂಥ ಕೈ ನನಗೆ ಇನ್ನೊಂದು ಸಿಗುವುದಿಲ್ಲ. ಪತ್ರ ಒಂದು ವಾರ ತಡಿ ಅಂದೆ.

ಆಮೇಲೆ ಯೋಚಿಸಿದೆ. ತಪ್ಪು ಇರುವುದು ಹೊಂದಿಕೆಯಲ್ಲಿ ಅಲ್ಲ. ನಾವು ಒಂಬತ್ತು ಬಸ್ಸುಗಳನ್ನು ಎಂಟರಿಂದ ಹನ್ನೊಂದರೊಳಗೆ ನಿಮಗೆ ತೋಚಿದಾಗ ಬನ್ನಿ ಅಂತ ಬೀದಿಗೆ ಬಿಟ್ಟಿದ್ದೇವೆ. ಒಟ್ಟಿಗೆ ಬರದೆ ಇನ್ನೇನು ಬರುತ್ತವೆ? ಬಸ್ಸಿಗೆ ಮಾಡುವುದನ್ನು ಜನಕ್ಕೆ ಮಾಡಬೇಕು: ಒಂದರ ಹಿಂದೆ ಒಂದು, ನಡುವೆ ಅಂತರ, ಮೊದಲನೆಯದು ಎಂಟಕ್ಕೆ, ಕೊನೆಯದು ಹನ್ನೊಂದಕ್ಕೆ. ದೊಡ್ಡ ಹಾಳೆ ಹರಡಿ ಒಬ್ಬೊಬ್ಬರನ್ನೇ ಕರೆದು ಕೇಳಿದೆ. ಒಬ್ಬರಿಗೆ ತಂದೆಯ ಕಣ್ಣಿಗೆ ಒಂಬತ್ತಕ್ಕೆ ಹನಿ ಹಾಕಬೇಕು. ಒಬ್ಬರಿಗೆ ಬೆಳಿಗ್ಗೆ ಸಂಗೀತ ಕಲಿಯುವ ಆಸೆ, ಐವತ್ತೆರಡನೇ ವಯಸ್ಸಿನಲ್ಲಿ. ಟೈಪಿಸ್ಟ್ ಹೇಳಿದರು, ತಮಗೆ ಏನೂ ಕೆಲಸವಿಲ್ಲ, ಸುಮ್ಮನೆ ಕಿಟಕಿ ಹತ್ತಿರ ಕೂರಲು ಅರ್ಧ ಗಂಟೆ ಬೇಕು. ಅದನ್ನೂ ಬರೆದುಕೊಂಡೆ. ಬಸ್ಸಿಗೂ ತಂಗುವ ಹೊತ್ತು ಅಂತ ಕೊಡುತ್ತೇವೆ.

ಸಂಜೆಯೊಳಗೆ ಹಾಳೆ ತುಂಬಿತು. ಚಂದದ ಪಟ್ಟಿ. ಹನ್ನೊಂದರ ಸಾಲು ಯಾರಿಗೂ ಬೇಡವಾಗಿತ್ತು, ಎಂಟು ಗಂಟೆಯ ಸಾಲೂ ಖಾಲಿಯಿತ್ತು. ಅದರಲ್ಲಿ ನನ್ನ ಹೆಸರು ಬರೆದೆ. ಇನ್ಯಾರು?

ಆಗಸ್ಟ್ 5, ಸೋಮವಾರ

ಪಟ್ಟಿ ಇವತ್ತಿನಿಂದ ಜಾರಿ. ಎಲ್ಲ ಸರಿಯಾಗಿದೆ. ಬನ್ನು ಇತ್ತು.

ಆಗಸ್ಟ್ 8, ಗುರುವಾರ

ತಡರಾಯನಿಗೆ ಹತ್ತೂವರೆಯ ಸಾಲು ಕೊಟ್ಟಿದ್ದೆ. ಇವತ್ತು ಬಂದು, ತನಗೆ ಎಂಟರ ಸಾಲು ಕೊಡಲಾಗುತ್ತದೆಯೇ ಅಂತ ಕೇಳಿದ. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಎದುರಿಗೆ ನಿಂತಿದ್ದವನು ಅವನೇ.

ಅವನು ಕಾಲ್ಚೆಂಡು ತಂಡವೊಂದರಲ್ಲಿ ಹೆಚ್ಚುವರಿ ಗೋಲ್‌ಕೀಪರ್ ಅಂತೆ. ಅಭ್ಯಾಸ ಸಂಜೆ ಐದಕ್ಕೆ. ಎಂಟಕ್ಕೆ ಬಂದರೆ ನಾಲ್ಕೂವರೆಗೆ ಹೊರಡಬಹುದು, ಹೆಚ್ಚುವರಿ ಹೋಗಿ ನಿಜವಾದ ಗೋಲ್‌ಕೀಪರ್ ಆಗಬಹುದು.

ಎಂಟೂವರೆಗೇ ಬರಲಾಗದವನು ಎಂಟಕ್ಕೆ ಹೇಗೆ ಬರುತ್ತೀಯಪ್ಪ ಅಂದೆ.

"ನಮ್ಮ ಕಡೆಯಿಂದ ಬೆಳಿಗ್ಗೆ ಒಂಬತ್ತರೊಳಗೆ ಎರಡೇ ಬಸ್ಸು ಮೇಡಂ. ಒಂದು ಇಲ್ಲಿಗೆ ಏಳು ಐವತ್ತಕ್ಕೆ ತಲುಪುತ್ತೆ. ಇನ್ನೊಂದು ಎಂಟು ನಲವತ್ತೈದಕ್ಕೆ."

ಅವನ ಕಡೆಯ ನಲವತ್ತೊಂದನೇ ನಂಬರಿನ ಹಾಳೆ ತೆಗೆದು ನೋಡಿದೆ. ಎರಡೇ ಬಸ್ಸು. ಎರಡರ ಹೊತ್ತೂ ನನ್ನ ಅಕ್ಷರದಲ್ಲಿದೆ. ಕೆಳಗೆ ನನ್ನ ಸಹಿ. ಆರು ವರ್ಷ ನಾನು ಅವನ ಸಾಲಿನಲ್ಲಿ ಕೆಂಪು ಗುರುತು ಹಾಕಿದ್ದು ನನ್ನದೇ ಬಸ್ಸಿಗೆ.

ಇದನ್ನು ಮೊದಲೇ ಹೇಳಬಾರದಿತ್ತೇ ಅಂದೆ.

"ಹೇಳಿದ್ದೆ ಮೇಡಂ, ಸೇರಿದ ಮೊದಲ ವಾರ. ನೆಪ ಬೇಡ ಅಂದ್ರಿ."

ಅಂದಿರಬಹುದು. ಅನ್ನುವ ಧಾಟಿ ನನ್ನದೇ. ಹಾಗಿದ್ದರೆ ಜೂನ್ ಮೂರರಿಂದಲೇ ಎಂಟಕ್ಕೆ ಬರಲು ಏನು ಅಡ್ಡಿಯಿತ್ತು ಅಂತ ಕೇಳಿದೆ. ನೆಲ ನೋಡಿದ, ಸೂರು ನೋಡಿದ.

"ಎಂಟಕ್ಕೆ ಬಂದ್ರೆ ಇಲ್ಲಿ ನೀವೊಬ್ರೇ ಇರ್ತೀರಿ, ಮೇಡಂ."

ಆಚೆ ಮೇಜಿನಲ್ಲಿ ನಕ್ಷೆಯವಳ ಪೆನ್ಸಿಲು ನಿಂತಿತು. ನಾನು ಗಂಭೀರವಾಗಿ ಎಂಟರ ಸಾಲಿನಲ್ಲಿ ನನ್ನ ಹೆಸರು ಹೊಡೆದು ಅವನದು ಬರೆದೆ. ಬೆಳಗಿನ ಫೋನು ಅವನದು, ಎರಡನೇ ರಿಂಗ್ ಆಗುವ ಮೊದಲು ಎತ್ತಬೇಕು ಅಂದೆ. ಹಿಡಿಯುವುದು ನನ್ನ ಕಸುಬೇ ಮೇಡಂ ಅಂದ. ಹನ್ನೊಂದರ ಸಾಲಿಗೆ ಯಾರೂ ಇರಲಿಲ್ಲ, ಸಂಜೆ ಏಳೂವರೆಯವರೆಗೆ ಕೂರಲು ಯಾರಿಗೆ ಬೇಕಾಗಿದೆ? ವಿಭಾಗದ ಹಿತಕ್ಕಾಗಿ ಆ ತ್ಯಾಗ ನಾನೇ ಮಾಡಿದೆ.

ಆಗಸ್ಟ್ 9, ಶುಕ್ರವಾರ

ನಮ್ಮವರು ಬಂದದ್ದು 9.09. ಬಾಗಿಲಲ್ಲಿ ನಿಂತರು. ಈ ಸಲ ಯಾರಿಗೇನಾಯ್ತು ಅಂತ ಕೇಳಲಿಲ್ಲ. ಪೊಟ್ಟಣದಲ್ಲಿ ಎರಡು ಬನ್ನು. ನಾನು ಇರುತ್ತೇನೆ ಅಂತ ಇವರಿಗೆ ಹೇಳಿಯೇ ಇರಲಿಲ್ಲ, ಆದರೂ ಎರಡು. ಈ ಬೇಕರಿಯ ವಿಷಯ ನನಗೆ ಅರ್ಥವೇ ಆಗುವುದಿಲ್ಲ. ನಾಳಿನ ಬೇಡಿಕೆ ಅಂದಾಜು ಮಾಡುವ ವಿಧಾನವನ್ನು ಹತ್ತು ನಿಮಿಷ ವಿವರಿಸಿದೆ. ತಲೆ ಅಲ್ಲಾಡಿಸುತ್ತ ಕೇಳಿದರು. 10.10ಕ್ಕೆ ಹೊರಟೆ.

ಆಗಸ್ಟ್ 21, ಬುಧವಾರ

ಎಂಟಕ್ಕೆ ಶುರುವಾಗಿ ಒಬ್ಬೊಬ್ಬರೇ ಬರುತ್ತಾರೆ, ಜೋಡಿಸಿದ ಹಾಗೆ. ಡಿಪೋದವರು ಫೋನು ಮಾಡಿ, ಬೆಳಿಗ್ಗೆ ಬೇಗ ಎತ್ತುವುದು ಯಾರು, ಪುಣ್ಯಾತ್ಮ, ಅಂದರಂತೆ. ನಕ್ಷೆಯವಳು ಪತ್ರದ ಮಾತು ಎತ್ತಿಲ್ಲ. ಇಪ್ಪತ್ತೆರಡನೇ ನಂಬರು ಮತ್ತೆ ಖಾಲಿಯಾಗಿದೆ. ಅದರ ಕಂಡಕ್ಟರಿಗೆ ನಮ್ಮ ಮೇಲೆ ಬೇಸರ.

ನಕ್ಷೆಯವಳು ಹೊಸ ಮಾರ್ಗ ಗುರುತಿಸಲು ಕೆಂಪು ಪೆನ್ನು ಕೇಳಿದಳು. ಕೊಟ್ಟೆ. ವಾಪಸ್ ಇಸಿದುಕೊಳ್ಳಲು ಮರೆತೆ.

ಆಗಸ್ಟ್ 29, ಗುರುವಾರ

ನಿರ್ದೇಶಕರು ಕರೆದು, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ವರದಿ ತನ್ನಿ, ಬೇಗ ಮುಗಿಸಿ ಕೈ ತೊಳೆದುಕೊಳ್ಳೋಣ ಅಂದರು.

ಒಂಬತ್ತಕ್ಕೆ ಸಾಧ್ಯವಿಲ್ಲ ಅಂದೆ. ಅವರು ನಕ್ಕರು. ನಾನು ನಗಲಿಲ್ಲ.

"ಕಡ್ಡಾಯ ಹೊತ್ತು ಶುರುವಾಗೋದು ಹನ್ನೊಂದಕ್ಕೆ ಸರ್. ಅದಕ್ಕೆ ಮುಂಚೆ ಯಾರನ್ನೂ ಸಭೆಗೆ ಕರೆಯೋ ಹಾಗಿಲ್ಲ. ನಾಲ್ಕನೇ ಅಂಶ."

ಹೊರಗೆ ಬಂದಾಗ ಎಂಟೂ ಜನ ನನ್ನನ್ನು ನೋಡುತ್ತಿದ್ದರು. ಬಾಗಿಲು ತೆರೆದೇ ಇತ್ತು ಅಂತ ಕಾಣುತ್ತದೆ. ತಡರಾಯನಿಗೆ ಯಾಕೋ ಕೆಮ್ಮು. ಇದರಲ್ಲಿ ಬೆರಗಾಗುವಂಥದ್ದು ಏನಿದೆ? ನಿಯಮ ಅಂದಮೇಲೆ ಪಾಲಿಸಬೇಕು. ನಾನು ಯಾವತ್ತೂ ಹೀಗೇ.

ಆಗಸ್ಟ್ 30, ಶುಕ್ರವಾರ

ಹನ್ನೊಂದಕ್ಕೆ ಸರಿಯಾಗಿ ವರದಿ ಇಟ್ಟೆ. ನಲವತ್ತೆರಡು ಪುಟ, ಹಳ್ಳದ ಪುಟವೂ ಸೇರಿ. ಬಚ್ಚಿಡುವ ಅಭ್ಯಾಸ ನನಗಿಲ್ಲ. ಆ ದಿನ ಬನ್ನು ತಿನ್ನುತ್ತಿದ್ದವಳ ಹುದ್ದೆಯನ್ನೂ ನಮೂದಿಸಿದ್ದೇನೆ. ನಿರ್ದೇಶಕರು ನೇರ ಕೊನೆಯ ಪುಟಕ್ಕೆ ಹೋದರು. ಜೂನ್ ಮೂರರಂದು ಬಸ್ಸಿನಲ್ಲಿ ಬರೆದ ವಾಕ್ಯ ಅಲ್ಲೇ ಇತ್ತು, ಒಂದೇ ಪದ ತಿದ್ದಿದ್ದೆ: 'ಆದ್ದರಿಂದ ಈಗಿನ ಪದ್ಧತಿಯೇ ಸೂಕ್ತ.'

ಎರಡು ಸಲ ಓದಿದರು. "ನೀವೇ ಹೀಗಂದ್ರೆ ಹೇಗೆ?" ಅಂದರು.

ಓದಿ ನೋಡಿ ಅಂದೆ. ಪಟ್ಟಿ ನೋಡಿದರು, ಫೋನಿನ ದಾಖಲೆ ನೋಡಿದರು, ಬಹಳ ಹೊತ್ತು ನನ್ನನ್ನೂ ನೋಡಿದರು. ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ ಅಂದಿದ್ದನ್ನು ನಾನು ನೆನಪಿಸಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕೊಟ್ಟೆ ಅಷ್ಟೆ. ಕಣ್ಣು ಬಿಟ್ಟುಕೊಂಡೇ ಹಾಕಿದರು. ಇದು ಇನ್ನು ಶಾಶ್ವತ.

ಕಚೇರಿಯಲ್ಲಿ ಚಪ್ಪಾಳೆ. ಕಡ್ಡಾಯ ಹೊತ್ತಿನಲ್ಲಿ ಗಲಾಟೆ ಬೇಡ ಅಂದೆ.

ಸೆಪ್ಟೆಂಬರ್ 2, ಸೋಮವಾರ

9.09ಕ್ಕೆ ಬಂದ ನಮ್ಮವರು ಏದುಸಿರು ಬಿಡುತ್ತಿದ್ದರು. ಕೊನೆಗೂ ವಿಚಾರಿಸಿದೆ. ಮೂವತ್ತೊಂದು ನಿಮಿಷ ನಡೆಯುವ ದಾರಿಯಲ್ಲಿ ಒಂಬತ್ತು ನಿಮಿಷಕ್ಕೆ ಹೇಗೆ ಬರುತ್ತಾರೆ? ಬಸ್ಸಂತೆ. ಬಸ್ಸು ಅಂದರೆ ಗಾಳಿಯಿಲ್ಲ ಅಂತ ಇಪ್ಪತ್ತೇಳು ವರ್ಷ ಮೂಗು ಮುರಿದವರು ಆಗಸ್ಟಿನಿಂದ ಒಂಬತ್ತನೇ ನಂಬರು ಹಿಡಿಯುತ್ತಿದ್ದಾರೆ. ಪಾಳಿ ಮುಗಿಯುವುದು ಒಂಬತ್ತಕ್ಕೆ, ಬಸ್ಸು ಬೇಕರಿಯ ನಿಲ್ದಾಣ ಬಿಡುವುದು 9.01ಕ್ಕೆ. ಬೇಕರಿಯ ಹನ್ನೊಂದು ಜನರೂ ಏಪ್ರನ್ ಬಿಚ್ಚುತ್ತಲೇ ಓಡುತ್ತಾರಂತೆ.

"ಅದನ್ನ ಎರಡು ನಿಮಿಷ ತಡ ಮಾಡೋಕಾಗಲ್ವಾ?" ಅಂದರು.

ಮನೆಯವರ ಮಾತಿಗೆ ಬಸ್ಸು ನಿಲ್ಲಿಸಲಾಗುವುದಿಲ್ಲ, ಲಿಖಿತ ಅರ್ಜಿ ಬೇಕು ಅಂದೆ. ನೆಪ ಅಂತ ಮಾತ್ರ ಅನ್ನಲಿಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಹಲಗೆಯ ಮೇಲೆ ಅರ್ಜಿ. ಬಲ್ಬನ್ನೂ ಬನ್ನನ್ನೂ ಒರೆಸಿ, ಮೇಲಿನಿಂದ ಕೆಳಗಿನವರೆಗೆ: 'ಮಾನ್ಯ ಗಡಿಯಾರಮ್ಮನವರಿಗೆ, ಒಂಬತ್ತನೇ ನಂಬರಿನ ಬಸ್ಸನ್ನು ದಯವಿಟ್ಟು 9.03ಕ್ಕೆ ಬಿಡಬೇಕಾಗಿ ವಿನಂತಿ. ಓಡಿದರೆ ಬನ್ನು ಅಪ್ಪಚ್ಚಿಯಾಗುತ್ತದೆ. ಇಂತಿ, ಪ್ರಯಾಣಿಕ.'

ಈ ಬಿರುದು ಇವರಿಗೂ ಗೊತ್ತಿದೆಯೆಂದಾಯಿತು.

ಕಚೇರಿಗೆ ಹೋಗಿ ಒಂಬತ್ತನೇ ನಂಬರಿನ ಹಾಳೆ ತೆಗೆದೆ. ಮುಂದಿನ ಯಾವ ಬಸ್ಸಿಗೂ ತೊಂದರೆಯಿಲ್ಲ ಅಂತ ಮೂರು ಸಲ ಪರಿಶೀಲಿಸಿದೆ. ಹನ್ನೊಂದು ಜನ ಪ್ರಯಾಣಿಕರ ಅನುಕೂಲ ಅಂತ ಕಾರಣ ಬರೆದೆ, ಅದು ನಿಜವೂ ಹೌದು. 9.01 ಹೊಡೆದು 9.03 ಬರೆದು ಸಹಿ ಹಾಕಿದೆ. ನೌಕರಿಯಲ್ಲಿ ನಾನು ತಡ ಮಾಡಿದ ಮೊದಲ ಬಸ್ಸು. ನಾಳೆಯಿಂದ ಜಾರಿ.

ಸೆಪ್ಟೆಂಬರ್ 4, ಬುಧವಾರ

9.11. ಬನ್ನು ಎರಡೂ ಗುಂಡಗಿದ್ದವು. ಎರಡು ನಿಮಿಷ ನಷ್ಟ. 10.12ಕ್ಕೆ ಹೊರಟು ಸರಿಮಾಡಿಕೊಂಡೆ.